ಅಂಗಡಿ ಮುಚ್ಚಿದ ಮೇಲೆ ಹಾಡಿನ ಲೆಕ್ಕ



ಗ್ರಾಮಫೋನಿನಿಂದಾಗಿ ಇಡೀ ಭಾರತಕ್ಕೆ ಹೆಸರಾದ ಮೊದಲ ಗಾಯಕಿ ಗೌಹರ್ ಜಾನ್ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ, 1930ರ ಜನವರಿ 17ರಂದು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಅವರು ಸೇರಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಿದ್ದ. ಗ್ರಾಮಫೋನ್ ಕಂಪನಿಯ ಪರವಾಗಿ ದೇಶ ದೇಶ ಸುತ್ತಿ ಹಾಡು ಹಿಡಿದು ತರುವುದು ಅವನ ಕೆಲಸ. ಮೈಕ್ ಇನ್ನೂ ಬಂದಿರಲಿಲ್ಲ. ಅಗಲ ಬಾಯಿಯ ಕೊಳವೆಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು, ಗಂಟೆಗಟ್ಟಲೆ ಹಬ್ಬುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಮುಗಿಸಬೇಕು. ಹಾಡು ಮುಗಿಯುತ್ತಿದ್ದಂತೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಉಳಿದಿರುವ ತಟ್ಟೆಗಳಲ್ಲಿ ಅದು ಇಂದಿಗೂ ಕೇಳಿಸುತ್ತದೆ. ಅದಕ್ಕೊಂದು ಕಾರಣವಿತ್ತು. ಆಗ ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ನಮ್ಮ ಸಂಗೀತದ ಗಂಧವೇ ಇಲ್ಲದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲು ಹಾಡಿನೊಳಗೇ ಹೆಸರು ಇರಬೇಕಾಗಿತ್ತು.

ಹಾಡಿನ ಜೊತೆಗೆ ಹಾಡಿದವರ ಹೆಸರನ್ನೂ ಊರೂರಿಗೆ ಮುಟ್ಟಿಸುವ ಈ ಪದ್ಧತಿ ಹೆಚ್ಚುಕಡಿಮೆ ನೂರು ವರ್ಷ ನಡೆಯಿತು. ತಟ್ಟೆಯ ನಡುವಿನ ದುಂಡು ಚೀಟಿ, ಎಲ್.ಪಿ.ಯ ಹೊದಿಕೆ, ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಿಚಿಟ್ಟ ಕಾಗದ, ಇದನ್ನೆಲ್ಲ ಓದಿ ತಲೆಯಲ್ಲಿಟ್ಟುಕೊಂಡ ಅಂಗಡಿಯಾತ, ಹೀಗೆ ಒಂದಕ್ಕೊಂದು ಕೊಂಡಿ ಕೂಡಿತ್ತು. ಆ ಕೊಂಡಿ ನಮ್ಮ ಕಣ್ಣೆದುರೇ ಕಳಚಿತು. ಅಂಗಡಿಗಳು ಮುಚ್ಚಿದ್ದರಿಂದ ಹಾಡಿಗೇನೂ ಬರ ಬರಲಿಲ್ಲ. ಆದರೆ ಕನ್ನಡದಲ್ಲಿ ಏನೇನು ಹಾಡಲಾಯಿತು, ಯಾರು ಬರೆದರು, ಯಾರು ರಾಗ ಹಾಕಿದರು, ಯಾರು ಹಾಡಿದರು ಎಂಬ ಲೆಕ್ಕವನ್ನು ತನಗೆ ಗೊತ್ತಿಲ್ಲದೆಯೇ ಇಟ್ಟುಕೊಂಡಿದ್ದದ್ದು ಆ ವ್ಯಾಪಾರ. ವ್ಯಾಪಾರ ಹೋಯಿತು, ಲೆಕ್ಕವೂ ಹೋಗುತ್ತಿದೆ. ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಹೊರಗಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ, ಅದು ಬಹಳ ಜನರಿಗೆ ಗೊತ್ತಿರುವಂಥದ್ದು. ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ 1921ರಲ್ಲಿ ಎಚ್.ಎಂ.ವಿ. ತನ್ನ ಅಂಗಡಿ ತೆರೆದಾಗ ಬಾಗಿಲು ತೆಗೆಯಲು ಬಂದವರು ಸಂಗೀತ ಸಂಯೋಜಕ ಎಡ್ವರ್ಡ್ ಎಲ್ಗರ್. ರೆಕಾರ್ಡು ಮಾರುವುದು ಅಷ್ಟು ಗೌರವದ ಕಸುಬಾಗಿತ್ತು. 1999ರಲ್ಲಿ ನ್ಯಾಪ್‌ಸ್ಟರ್ ಬಂತು. ಕಾಲೇಜು ಹುಡುಗರು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಾಸಿಲ್ಲದೆ ಹಾಡು ಕಳಿಸಿಕೊಳ್ಳತೊಡಗಿದರು. ನ್ಯಾಯಾಲಯದ ಆದೇಶದಿಂದ ಅದು ಎರಡು ವರ್ಷಕ್ಕೇ ನಿಂತರೂ ಹಾಡಿಗೆ ದುಡ್ಡು ಕೊಡಬೇಕೆಂಬ ರೂಢಿ ಸಡಿಲವಾಗಿಬಿಟ್ಟಿತ್ತು. 2003ರಲ್ಲಿ ಆ್ಯಪಲ್ ಒಂದೊಂದೇ ಹಾಡನ್ನು ಬಿಡಿಯಾಗಿ ಮಾರಲು ಶುರುಮಾಡಿತು. ಅಮೆರಿಕದ ಟವರ್ ರೆಕಾರ್ಡ್ಸ್ 2006ರಲ್ಲಿ ದಿವಾಳಿಯಾಗಿ ಅಂಗಡಿಗಳನ್ನು ಮುಚ್ಚಿತು. ನಮ್ಮಲ್ಲಿ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಮ್ಯೂಸಿಕ್ ವರ್ಲ್ಡ್ 2013ರಲ್ಲಿ, ಮುಂಬೈಯ ಕಾಳಾ ಘೋಡಾದ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿದವು. ಉದ್ಯಮ ಮಾತ್ರ ಸಾಯಲಿಲ್ಲ. ಜಾಗತಿಕ ಧ್ವನಿಮುದ್ರಣ ಉದ್ಯಮದ ಒಟ್ಟು ವರಮಾನ 2023ರಲ್ಲಿ 28.6 ಶತಕೋಟಿ ಡಾಲರ್ ಎಂದು ಅದರ ಅಂತರರಾಷ್ಟ್ರೀಯ ಒಕ್ಕೂಟವೇ ಹೇಳಿದೆ. ಅಮೆರಿಕದಲ್ಲಿ 2022ರಲ್ಲಿ ಸಿ.ಡಿ.ಗಳಿಗಿಂತ ಎಲ್.ಪಿ.ಗಳೇ ಹೆಚ್ಚು ಮಾರಾಟವಾದವು. ಹಾಗಾಗಿ ಸಂಗೀತದ ವ್ಯಾಪಾರ ನೆಲ ಕಚ್ಚಿತೆಂದು ಕಣ್ಣೀರು ಹಾಕುವವರ ಜೊತೆ ನಾನು ಸೇರಲಾರೆ. ದುಡ್ಡು ವಾಪಸು ಬಂದಿದೆ. ವಾಪಸು ಬಾರದೆ ಇರುವುದು ಬೇರೆ ಕೆಲವು, ಅವು ನಮ್ಮಂಥ ಭಾಷೆಗಳಿಗೆ ಬಹಳ ಮುಖ್ಯವಾದವು.

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ.

ಹಳೆಯ 78 ವೇಗದ ತಟ್ಟೆ ಮಾಡುತ್ತಿದ್ದದ್ದು ಅರಗಿನಿಂದ. ಆ ಅರಗು ನಮ್ಮ ದೇಶದ ಕಾಡುಗಳದ್ದು. ಇಲ್ಲಿಂದ ಕಚ್ಚಾ ಅರಗು ಯುರೋಪಿಗೆ ಹೋಗಿ ಹಾಡಾಗಿ ಹಿಂದಿರುಗುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆದ ಮೇಲೆ ತಟ್ಟೆ ಇಲ್ಲೇ ಅಚ್ಚಾಗತೊಡಗಿತು. ಕನ್ನಡದ ಪಾಲು ಇದರಲ್ಲಿ ಚಿಕ್ಕದೇನಲ್ಲ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ಹೊರಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಮಲ್ಲಿಕಾರ್ಜುನ ಮನಸೂರರ ಎಳೆಯ ಕಂಠ 1930ರ ದಶಕದ ತಟ್ಟೆಗಳಲ್ಲಿ ಉಳಿದಿದೆ. ನಾಟಕ ಕಂಪನಿಗಳ ರಂಗಗೀತೆಗಳು ಊರು ದಾಟಿ ಹೋದದ್ದೂ ಹೀಗೆಯೇ. ಮುಂದೆ ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ಹಾಡಿದ ನವೋದಯದ ಕವಿತೆಗಳನ್ನು ಪುಸ್ತಕ ಮುಟ್ಟದ ಮನೆಗಳಿಗೂ ತಟ್ಟೆಗಳು ಒಯ್ದವು. ಆದರೆ ಯಾವ ಹಾಡು ಮುದ್ರಣವಾಗಬೇಕು, ಯಾವುದು ಬೇಡ ಎಂಬ ತೀರ್ಮಾನ ಹೆಚ್ಚಾಗಿ ಕಲ್ಕತ್ತೆ, ಬೊಂಬಾಯಿ, ಮದರಾಸುಗಳಲ್ಲಿ ಕುಳಿತ ಕಂಪನಿಯವರ ಕೈಯಲ್ಲಿತ್ತು. ಗ್ರಾಮಫೋನ್ ಇದ್ದದ್ದು ಉಳ್ಳವರ ಮನೆಯಲ್ಲಿ. ಉಳಿದವರು ಕೇಳಿದ್ದು ಮದುವೆಗೆ, ಜಾತ್ರೆಗೆ ಮೈಕ್ ಸೆಟ್ಟಿನವನು ತಂದು ಹಾಕುತ್ತಿದ್ದ ತಟ್ಟೆಗಳಲ್ಲಿ.

ಇದನ್ನು ಬುಡಮೇಲು ಮಾಡಿದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಅದನ್ನು ಹೊರತಂದದ್ದು 1963ರಲ್ಲಿ. ನಮ್ಮ ಬೀದಿಗಳಿಗೆ ಅದು ಇಳಿದದ್ದು 1970ರ ದಶಕದ ಕೊನೆಗೆ. ತಟ್ಟೆ ಒತ್ತುವುದಕ್ಕೆ ದೊಡ್ಡ ಕಾರ್ಖಾನೆ ಬೇಕು. ಕ್ಯಾಸೆಟ್ ತುಂಬಿಸಲು ಒಂದು ಕೋಣೆ, ಕೆಲವು ಯಂತ್ರ ಸಾಕು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂತು, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ಅದರ ಹಿಂದೆಯೇ ಸಿ. ಅಶ್ವಥ್, ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’, ಶಿಶುನಾಳ ಷರೀಫರ ಪದಗಳು. ಕವನ ಸಂಕಲನವೊಂದು ಒಂದು ಸಾವಿರ ಪ್ರತಿ ಖರ್ಚಾದರೆ ಹೆಚ್ಚು ಎನ್ನುವ ನಾಡಿನಲ್ಲಿ ಕವಿತೆ ಅಡುಗೆಮನೆಯಲ್ಲಿ, ಲಾರಿಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ಕೇಳಿಸಿತು. ಬೆಂಗಳೂರಿನ ಲಹರಿ ಸಂಸ್ಥೆ 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ದಿಂದ ಮನೆಮಾತಾಯಿತು. ರಾಜ್‌ಕುಮಾರರ ಭಕ್ತಿಗೀತೆಗಳೊಂದಿಗೆ ಸಂಗೀತಾ ಕಂಪನಿಯ ಕ್ಯಾಸೆಟ್ಟುಗಳು ಬಂದವು.

ಈ ದೊಡ್ಡ ಹೆಸರುಗಳಿಗಿಂತ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅವುಗಳ ಪಕ್ಕದಲ್ಲಿ, ಅಂಗಡಿಯ ಕೆಳಗಿನ ಸಾಲಿನಲ್ಲಿ ಇರುತ್ತಿದ್ದ ಕ್ಯಾಸೆಟ್ಟುಗಳು. ಗುರುರಾಜುಲು ನಾಯ್ಡು ಅವರ ಹರಿಕಥೆ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ತಾಳಮದ್ದಳೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಧೀರೇಂದ್ರ ಗೋಪಾಲರ ಹಾಸ್ಯ. ಇನ್ನೂ ಕೆಳಗೆ, ಒಂದೆರಡು ತಾಲ್ಲೂಕು ದಾಟಿದರೆ ಯಾರಿಗೂ ಗೊತ್ತಿರದ ಗೀಗೀ ಮೇಳ, ಡೊಳ್ಳಿನ ಪದ, ಶ್ರೀಕೃಷ್ಣ ಪಾರಿಜಾತ, ತತ್ವಪದ, ಊರದೇವತೆಯ ಜಾತ್ರೆಗೆಂದೇ ಮಾಡಿಸಿದ ಹಾಡುಗಳು. ಹಿಂದೆ ಯಾವ ಕಂಪನಿಯೂ ಇವುಗಳ ಕಡೆ ತಿರುಗಿ ನೋಡುತ್ತಿರಲಿಲ್ಲ. ಸ್ಥಳೀಯ ವ್ಯಾಪಾರಿಯೊಬ್ಬ ನಾಲ್ಕು ಕಾಸು ಹಾಕಿ ಮಾಡಿಸುತ್ತಿದ್ದ, ಸುತ್ತಲಿನ ಅಂಗಡಿಯವರು ಇಟ್ಟುಕೊಂಡು ಮಾರಿಕೊಡುತ್ತಿದ್ದರು. ಈ ನಾಡಿನ ಬಾಯಿಮಾತಿನ ಸಂಸ್ಕೃತಿ ಇಷ್ಟು ದೊಡ್ಡ ಪ್ರಮಾಣದಲ್ಲಿ, ಯಾವ ವಿದ್ವಾಂಸರ ಅಪ್ಪಣೆಯೂ ಇಲ್ಲದೆ ದಾಖಲಾದದ್ದು ಅದೇ ಮೊದಲು. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಈ ಕಾಲಕ್ಕೆ ಒಂದು ಅಧ್ಯಾಯವೂ ಇಲ್ಲದಿರುವುದು ನನಗೆ ನೋವಿನ ವಿಷಯ.

ಅಂಗಡಿಯಾತ ಏನು ಮಾಡುತ್ತಿದ್ದ ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು, ಏಕೆಂದರೆ ಇಲ್ಲಿರುವ ಎಳೆಯರು ಅದನ್ನು ಕಂಡಿರಲಾರರು. ನಾನು ಬೆಳೆದ ತಾಲ್ಲೂಕು ಕೇಂದ್ರದಲ್ಲಿ ಬಸ್ ನಿಲ್ದಾಣದ ಎದುರಿಗೆ ಒಂದು ರೆಕಾರ್ಡಿಂಗ್ ಸೆಂಟರ್ ಇತ್ತು. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದಷ್ಟು ಕಿರಿದು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ದಾರ ಕಟ್ಟಿದ ಉದ್ದನೆಯ ನೋಟ್‌ಬುಕ್ಕು, ಅದರಲ್ಲಿ ಹಾಡುಗಳ ಪಟ್ಟಿ, ಒಂದೊಂದಕ್ಕೂ ನಂಬರು. ನಾವು ಬೇಕಾದ ನಂಬರುಗಳನ್ನು ಚೀಟಿಯಲ್ಲಿ ಬರೆದು ಖಾಲಿ ಕ್ಯಾಸೆಟ್ಟಿನ ಜೊತೆ ಕೊಟ್ಟರೆ ಮರುದಿನ ಹಾಡು ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟು, ಒಂದು ಬದಿಗೆ ಮೂವತ್ತು. ಯಾವ ಹಾಡು ಎಷ್ಟು ಹೊತ್ತು ಎಂಬುದು ಅವರಿಗೆ ಬಾಯಿಪಾಠ. ಬದಿಯ ಕೊನೆಗೆ ಹಾಡು ಅರ್ಧಕ್ಕೆ ತುಂಡಾಗುವಂತಿದ್ದರೆ, ‘ತಮ್ಮಾ, ಇದು ಇಲ್ಲಿ ಹಿಡಿಸಲ್ಲ, ಬಿ ಸೈಡಿಗೆ ಹಾಕ್ತೀನಿ, ಇಲ್ಲಿ ಒಂದು ಸಣ್ಣ ವಚನ ಹಾಕಲಾ?’ ಎನ್ನುತ್ತಿದ್ದರು. ಬೇಂದ್ರೆಯವರ ಯಾವುದಾದರೂ ಕವಿತೆಯ ಹೆಸರು ಬರೆದಿದ್ದರೆ, ‘ಯಾರು ಹಾಡಿದ್ದು ಬೇಕು?’ ಎಂದು ಕೇಳದೆ ಅವರು ತುಂಬಿಸಿದ್ದಿಲ್ಲ. ಒಂದೇ ಕವಿತೆಗೆ ಎರಡು ಮೂರು ರಾಗಗಳು ಇರುತ್ತವೆ, ಒಬ್ಬೊಬ್ಬ ಸಂಯೋಜಕ ಕವಿಯನ್ನು ಒಂದೊಂದು ಥರ ಓದುತ್ತಾನೆ ಎಂಬುದನ್ನು ನಾನು ಕಲಿತದ್ದು ಆ ಪ್ರಶ್ನೆಯಿಂದ. ಆಮೇಲೆ ಎಂ.ಎ. ತರಗತಿಯಲ್ಲಿ ಕಾವ್ಯದ ಬಗ್ಗೆ ಕೇಳಿದ ಎಷ್ಟೋ ಪಾಠಗಳಿಗೆ ಅಡಿಪಾಯ ಬಿದ್ದದ್ದು ಅಲ್ಲಿ.

ಹಾಗೆ ತುಂಬಿಸಿ ಕೊಡುವುದು ಕಾನೂನಿಗೆ ವಿರುದ್ಧವಾಗಿತ್ತು. ಕವಿಗಾಗಲಿ ಗಾಯಕರಿಗಾಗಲಿ ಅದರಿಂದ ಒಂದು ಪೈಸೆಯೂ ಮುಟ್ಟುತ್ತಿರಲಿಲ್ಲ. ಕಾನೂನುಬದ್ಧವಾಗಿ ಮಾರಿದ ಕಂಪನಿಗಳ ನಡತೆಯೂ ಎಷ್ಟೋ ಸಲ ಹೆಮ್ಮೆಪಡುವಂಥದ್ದಾಗಿರಲಿಲ್ಲ. ಒಂದು ಸಲ ಕೈಗೆ ದುಡ್ಡಿಟ್ಟು, ಸಹಿ ಹಾಕಿಸಿಕೊಂಡು, ಹಾಡನ್ನು ಎಂದೆಂದಿಗೂ ತಮ್ಮದಾಗಿಸಿಕೊಳ್ಳುವ ಕರಾರುಗಳು ಸಾಮಾನ್ಯವಾಗಿದ್ದವು. ಗೀತರಚನಕಾರರಿಗೂ ಸಂಯೋಜಕರಿಗೂ ಗೌರವಧನದಲ್ಲಿ ಬಿಟ್ಟುಕೊಡಲಾಗದ ಪಾಲು ಇದೆ ಎಂದು ಕೃತಿಸ್ವಾಮ್ಯ ಕಾಯ್ದೆ ಸ್ಪಷ್ಟವಾಗಿ ಹೇಳಿದ್ದು 2012ರ ತಿದ್ದುಪಡಿಯಲ್ಲಿ. ಅಷ್ಟು ಹೊತ್ತಿಗೆ ಕ್ಯಾಸೆಟ್ಟಿನ ಕಾಲವೇ ಮುಗಿದಿತ್ತು. ಆದ್ದರಿಂದ ಹಳೆಯ ವ್ಯವಸ್ಥೆಯೇ ಚೆನ್ನಾಗಿತ್ತು, ಅದೇ ಮರಳಿ ಬರಲಿ ಎಂಬ ಹಂಬಲ ನನಗಿಲ್ಲ. ಅದರ ಹೊಟ್ಟೆಯಲ್ಲಿ ನಮ್ಮದೊಂದು ಆಸ್ತಿ ಇತ್ತು, ಅದನ್ನು ಹೊರಗೆ ತೆಗೆದಿಟ್ಟುಕೊಳ್ಳುವ ಮೊದಲೇ ಅದು ಕುಸಿಯಿತು ಎಂಬುದಷ್ಟೇ ನನ್ನ ದುಃಖ.

ಕುಸಿದದ್ದೂ ಹಂತ ಹಂತವಾಗಿ. ಸಿ.ಡಿ. ಸಣ್ಣ ಊರುಗಳ ಕೈಗೆ ನಿಲುಕುವ ಮೊದಲೇ ಎಂ.ಪಿ.3 ಡಿಸ್ಕ್ ಬಂತು. ನೂರಕ್ಕಿಂತ ಹೆಚ್ಚು ಹಾಡು ಒಂದೇ ಡಿಸ್ಕಿನಲ್ಲಿ, ಫುಟ್‌ಪಾತಿನಲ್ಲಿ ಹಾಸಿಟ್ಟು ಮಾರಾಟ. ಹೊದಿಕೆಯ ಮೇಲೆ ನಾಯಕನ ಚಿತ್ರ ಬಿಟ್ಟರೆ ಕವಿಯ ಹೆಸರಿಗೆ ಜಾಗವಿರಲಿಲ್ಲ. ಅದರ ಹಿಂದೆ ಮೊಬೈಲ್. ಕ್ಯಾಸೆಟ್ ಅಂಗಡಿಯಾತನೇ ಬೋರ್ಡು ಬದಲಿಸಿ ರೀಚಾರ್ಜ್ ಅಂಗಡಿ ಇಟ್ಟ. ಜನ ಮೆಮೊರಿ ಕಾರ್ಡು ತಂದು ‘ಹಾಡು ಹಾಕಿಕೊಡಿ’ ಎನ್ನುತ್ತಿದ್ದರು. ಯಾವ ಹಾಡು ಎಂದು ಅವನೂ ಕೇಳುತ್ತಿರಲಿಲ್ಲ, ಒಂದು ಫೋಲ್ಡರಿಗೆ ಫೋಲ್ಡರೇ ಹೋಗುತ್ತಿತ್ತು. 2016ರಲ್ಲಿ ಜಿಯೊ ಬಂದು ಇಂಟರ್‌ನೆಟ್ ಅಗ್ಗವಾದ ಮೇಲೆ ಅವನ ಆ ಕೆಲಸವೂ ಹೋಯಿತು. ಹಾಡು ನೇರವಾಗಿ ಅಂಗೈಗೆ ಬಂತು. ಅದು ದೊಡ್ಡ ಲಾಭವೇ. ಅಮೆರಿಕದಲ್ಲಿ ಕುಳಿತ ಕನ್ನಡಿಗರ ಮಗು ಇವತ್ತು ಕಾಳಿಂಗರಾಯರನ್ನು ಕೇಳಬಲ್ಲದು. ನನ್ನ ಬಾಲ್ಯದಲ್ಲಿ ನಮ್ಮೂರಿನಲ್ಲೇ ಅದು ಸುಲಭವಿರಲಿಲ್ಲ.

ಕೇಳಬಲ್ಲದು ಎಂದೆ, ಆದರೆ ಅದು ಯಾರ ಹಾಡು ಎಂದು ತಿಳಿಯಬಲ್ಲದೇ? ಒಂದು ಹಳೆಯ ಭಾವಗೀತೆ ಕ್ಯಾಸೆಟ್ಟಿನ ಇನ್‌ಲೇ ಕಾರ್ಡನ್ನು ಬಿಡಿಸಿ ನೋಡಿ. ಅಂಗೈಯಗಲದ ಕಾಗದ, ಅಕ್ಷರ ಸಾಸಿವೆಯಷ್ಟು. ಎ ಬದಿಯ ಹಾಡು, ಬಿ ಬದಿಯ ಹಾಡು, ಒಂದೊಂದರ ಎದುರಿಗೂ ಕವಿ, ಗಾಯಕರು. ಕೆಳಗೆ ರಾಗ ಸಂಯೋಜನೆ, ವಾದ್ಯವೃಂದ ನಿರ್ವಹಣೆ, ಒಮ್ಮೊಮ್ಮೆ ಕೊಳಲು ತಬಲ ನುಡಿಸಿದವರ ಹೆಸರು, ಧ್ವನಿಮುದ್ರಿಸಿದ ಸ್ಟುಡಿಯೊ. ಕೆಲವದರಲ್ಲಿ ಕವಿಯದೋ ವಿಮರ್ಶಕರದೋ ನಾಲ್ಕು ಸಾಲಿನ ಮುನ್ನುಡಿ. ಈಗ ಅದೇ ಸಂಕಲನವನ್ನು ಯಾವುದಾದರೂ ಆ್ಯಪಿನಲ್ಲಿ ಹುಡುಕಿ. ಎಷ್ಟೋ ಕಡೆ ಕವಿಯ ಹೆಸರು ಇರುವುದಿಲ್ಲ, ರಾಗ ಹಾಕಿದವರು ಗಾಯಕರೆಂದು ನಮೂದಾಗಿರುತ್ತಾರೆ, ಕನ್ನಡದ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ಮೂರು ಬಗೆಯಾಗಿರುತ್ತವೆ. ತಬಲ ನುಡಿಸಿದವರ ಸುದ್ದಿಯನ್ನಂತೂ ಕೇಳುವುದೇ ಬೇಡ.

ಹಣದ ಹಂಚಿಕೆಯಲ್ಲೂ ಸಣ್ಣವರಿಗೆ ಜಾಗ ಕಡಿಮೆಯಾಗಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಬಾರಿ ಕೇಳಿಸದ ಹಾಡಿಗೆ ಧ್ವನಿಮುದ್ರಣದ ಗೌರವಧನವೇ ಇಲ್ಲ ಎಂಬ ನಿಯಮವನ್ನು ಸ್ಪಾಟಿಫೈ 2024ರಲ್ಲಿ ಜಾರಿಗೆ ತಂದಿತು. ಜಗತ್ತಿನ ಲೆಕ್ಕದಲ್ಲಿ ಸಾವಿರ ಎನ್ನುವುದು ಏನೇನೂ ಅಲ್ಲ. ಆದರೆ ಹುನಗುಂದದ ಕಡೆಯ ಒಂದು ಭಜನಾ ಮೇಳ ಐನೂರು ಕ್ಯಾಸೆಟ್ ಮಾರಿದರೆ ಹಾಕಿದ ಬಂಡವಾಳ ಕೈಗೆ ಬಂದು, ಮುಂದಿನ ಸುಗ್ಗಿಗೆ ಇನ್ನೊಂದು ಮಾಡಿಸುವ ಧೈರ್ಯ ಬರುತ್ತಿತ್ತು. ಇವತ್ತು ಅದೇ ಮೇಳವನ್ನು ಐನೂರು ಜನ ಮನಸಿಟ್ಟು ಒಂದೊಂದು ಸಲ ಕೇಳಿದರೆ ಬರುವುದು ಸೊನ್ನೆ.

ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾಡಗೀತೆಯ ಪ್ರಕರಣವನ್ನು ನೆನಪಿಸುತ್ತೇನೆ. ಕುವೆಂಪು ಅವರ ಆ ಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಅಶ್ವಥ್ ಅವರ ಧಾಟಿಯಲ್ಲೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡೂವರೆ ನಿಮಿಷದೊಳಗೆ ಹಾಡಬೇಕೆಂದು ಆದೇಶಿಸಿತು. ಅದನ್ನು ಪ್ರಶ್ನಿಸಿದವರು ಹೈಕೋರ್ಟಿನವರೆಗೂ ಹೋದರು. ಯಾವ ಧಾಟಿ ಚೆಂದ ಎಂಬುದು ಇಲ್ಲಿ ನನ್ನ ಮಾತಲ್ಲ, ಇಬ್ಬರೂ ನನಗೆ ಪೂಜ್ಯರು. ಇಡೀ ನಾಡು ಎದ್ದು ನಿಂತು ಹಾಡುವ ಒಂದು ಗೀತೆಯ ವಿಷಯದಲ್ಲೇ ಇಷ್ಟು ವಾದ ಬಂದಾಗ, ಯಾರೂ ಕೇಳದ ಸಾವಿರಾರು ಗೀತೆಗಳ ವಿಷಯದಲ್ಲಿ ನಾಳೆ ಯಾವ ದಾಖಲೆ ತೆರೆದು ನೋಡುತ್ತೀರಿ?

ಪುಸ್ತಕಕ್ಕೆ ಒಂದು ಕಾಯ್ದೆ ಇದೆ. 1954ರ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಪ್ರತಿಯೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಹೋಗಬೇಕು. ಎರಡು ವರ್ಷದ ನಂತರ ಪತ್ರಿಕೆಗಳೂ ಅದಕ್ಕೆ ಸೇರಿದವು. ಧ್ವನಿಮುದ್ರಣ ಇವತ್ತಿಗೂ ಸೇರಿಲ್ಲ. ಫ್ರಾನ್ಸಿನವರು 1938ರಲ್ಲೇ ತಟ್ಟೆಗಳನ್ನು ಕಡ್ಡಾಯವಾಗಿ ಸಲ್ಲಿಸುವ ಏರ್ಪಾಡು ಮಾಡಿಕೊಂಡರು. ನಮ್ಮಲ್ಲಿ ಆ ಹೊರೆ ಹೊತ್ತವರು ಹವ್ಯಾಸಿಗಳು. ಮುಂಬೈಯ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ, ಮೈಕೇಲ್ ಕಿನ್ನಿಯರ್ ಎಂಬ ಆಸ್ಟ್ರೇಲಿಯದ ಸಂಶೋಧಕರು, ಚೆನ್ನೈಯ ವಿ.ಎ.ಕೆ. ರಂಗರಾವ್ ಇಂಥವರು. ಜನಪದದ ಮಟ್ಟಿಗೆ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ತನ್ನ ಕೈಲಾದದ್ದನ್ನು ಮಾಡಿತು. ಮಾರುಕಟ್ಟೆಗೆ ಬಂದ ಕನ್ನಡ ಕ್ಯಾಸೆಟ್ಟುಗಳನ್ನು ಸಾಲಾಗಿ ಜೋಡಿಸಿಟ್ಟ ಒಂದು ಸಾರ್ವಜನಿಕ ಕೋಣೆಗೆ ಕರೆದುಕೊಂಡು ಹೋಗಿ ಎಂದು ಯಾರಾದರೂ ಕೇಳಿದರೆ ಎಲ್ಲಿಗೆ ಕರೆದೊಯ್ಯಲಿ ಎಂದು ನನಗೆ ತೋಚುವುದಿಲ್ಲ.

ಕಾನೂನು ಅಡ್ಡ ಬರುತ್ತದೆ ಎಂದು ಕೈಕಟ್ಟಿ ಕೂರುವ ಅಗತ್ಯವೂ ಇಲ್ಲ. ಧ್ವನಿಮುದ್ರಣದ ಮೇಲಿನ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ ಅರವತ್ತು ವರ್ಷ. ಹಾಗಾಗಿ 1960ಕ್ಕಿಂತ ಮೊದಲಿನ ತಟ್ಟೆಗಳ ಮೇಲೆ ಕಂಪನಿಯ ಆ ಹಕ್ಕು ಮುಗಿದಿದೆ. ಸಾಹಿತ್ಯದ ಹಕ್ಕು ಬೇರೆ, ಅದು ಕವಿ ತೀರಿಕೊಂಡ ನಂತರ ಅರವತ್ತು ವರ್ಷ. ಬೇಂದ್ರೆಯವರ ಕವಿತೆಗಳದ್ದು 2041ರವರೆಗೆ ಇರುತ್ತದೆ, ಅದನ್ನು ಗೌರವಿಸಲೇಬೇಕು. ಇನ್ನೂ ಹಕ್ಕಿರುವ ಕ್ಯಾಸೆಟ್ಟುಗಳ ವಿಷಯದಲ್ಲಿ 2012ರ ತಿದ್ದುಪಡಿ ಒಂದು ಬಾಗಿಲು ತೆರೆದಿದೆ: ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯದಲ್ಲಿ ಮೂಲ ಪ್ರತಿ ಇದ್ದರೆ, ಸಂರಕ್ಷಣೆಗಾಗಿ ಅದನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಮಾರುವಂತಿಲ್ಲ, ಉಳಿಸಿಕೊಳ್ಳಬಹುದು. ಅಂದರೆ ನಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಕ್ಯಾಸೆಟ್ಟುಗಳನ್ನು ದಾನವಾಗಿ ಪಡೆಯಲು ನಾಳೆಯೇ ಶುರುಮಾಡಬಹುದು.

ಕಾಲ ಮಾತ್ರ ಹೆಚ್ಚು ಉಳಿದಿಲ್ಲ. ಮಲೆನಾಡು, ಕರಾವಳಿಯ ಮಳೆಗೆ ಟೇಪಿನ ಮೇಲೆ ಬಿಳಿಯ ಬೂಷ್ಟು ಕಟ್ಟುತ್ತದೆ. ರೀಲಿನ ಮೇಲಿನ ಕಾಂತದ ಲೇಪ ಉದುರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಸ್ಪಂಜು ಕಳಚಿ ಬಿದ್ದರೆ ಹಾಡು ಮಂಕಾಗುತ್ತದೆ, ಅದನ್ನು ಬೇರೆ ಕ್ಯಾಸೆಟ್ಟಿನದು ತೆಗೆದು ಅಂಟಿಸಿ ಸರಿಮಾಡಬಲ್ಲ ರಿಪೇರಿಯವರು ಊರಿಗೆ ಒಬ್ಬರೂ ಉಳಿದಿಲ್ಲ. ಸಣ್ಣ ಕಂಪನಿಗಳ ಮೂಲ ಟೇಪುಗಳು ಯಾವ ಅಟ್ಟದಲ್ಲಿವೆಯೋ, ಮಕ್ಕಳಿಗೆ ಅವು ಏನೆಂದಾದರೂ ಗೊತ್ತೋ ಇಲ್ಲವೋ. ಹಳೆಯ ಮೈಕ್ ಸೆಟ್ ಅಂಗಡಿಗಳ ತಟ್ಟೆಗಳು ಗುಜರಿಗೆ ಹೋಗುತ್ತಿವೆ.

ಈ ಉಪನ್ಯಾಸವನ್ನು ನಡೆಸುವ ದತ್ತಿಯ ವ್ಯವಸ್ಥಾಪಕರಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೊಂದು ಉಪನ್ಯಾಸದ ಜೊತೆಗೆ ವರ್ಷಕ್ಕೊಂದು ಜಿಲ್ಲೆಯ ಪಟ್ಟಿಯನ್ನೂ ಮಾಡಿಸಿ. ಇಬ್ಬರು ವಿದ್ಯಾರ್ಥಿಗಳು, ಒಂದು ಒಳ್ಳೆಯ ಸ್ಕ್ಯಾನರ್ ಸಾಕು. ಮೊದಲು ಹಾಡು ಬೇಡ, ಇನ್‌ಲೇ ಕಾರ್ಡುಗಳು ಸಾಕು: ಹೆಸರು, ಕವಿ, ಸಂಯೋಜಕ, ಗಾಯಕ, ವಾದಕ, ಕಂಪನಿ, ನಂಬರು. ಅಂಗಡಿ ಮುಚ್ಚಿದವರ ಮನೆಗಳಿಗೂ ಹೋಗಲಿ. ಅವರ ನೋಟ್‌ಬುಕ್ಕು ಎಲ್ಲಾದರೂ ಇದ್ದೀತು, ಅದರಲ್ಲಿ ಯಾವ ಊರಿನ ಜನ ಯಾವ ಕಾಲದಲ್ಲಿ ಏನನ್ನು ಕೇಳಿದರು ಎಂಬುದೂ ಇರುತ್ತದೆ. ಹಾಗೆಯೇ ಸಭೆಯಲ್ಲಿರುವ ನಿಮ್ಮೆಲ್ಲರಲ್ಲಿ ಕೇಳಿಕೊಳ್ಳುವುದು: ಮನೆಯಲ್ಲಿ ಕ್ಯಾಸೆಟ್ಟುಗಳಿದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ರೀಲು ಸಿಕ್ಕಾಗಿದ್ದರೂ, ಬೂಷ್ಟು ಹಿಡಿದಿದ್ದರೂ ಒಳಗಿನ ಆ ಕಾಗದವನ್ನು ತೆಗೆದಿಡಿ. ಮುಂದಿನ ವರ್ಷದ ಉಪನ್ಯಾಸಕ್ಕೆ ಬರುವಾಗ ಜೊತೆಯಲ್ಲಿ ತನ್ನಿ. ಬಾಗಿಲಿನ ಬಳಿ ಒಂದು ಮೇಜು ಹಾಕಿಸಿರುತ್ತೇವೆ ಎಂದು ವ್ಯವಸ್ಥಾಪಕರು ಈಗಾಗಲೇ ಒಪ್ಪಿಕೊಂಡಿದ್ದಾರೆ.